ಕೆಂಪು ಚುಕ್ಕೆಯ ತಿಗಣೆ

ಒಂದು ತಿಗಣೆಗೆ ನಿನ್ನ ಹೆಸರಿಡುತ್ತೇನೆ ಎಂದು ತಮ್ಮ ಹೇಳಿದಾಗ ಅಕ್ಕನಿಗೆ ಮೊದಲು ಮೈಯೆಲ್ಲ ಉರಿದುಹೋಗಿತ್ತು.

"ಹಾಸಿಗೆ ತಿಗಣೆ ಅಲ್ಲಕ್ಕ, ಗಿಡದ ರಸ ಹೀರೋದು," ಎಂದು ಅವನು ಸಮಾಧಾನ ಮಾಡಿದ. ಕೀಟ ಸಂಗ್ರಹಾಲಯದ ತಜ್ಞನಾದ ಅವನು ಹನ್ನೆರಡು ವರ್ಷದಿಂದ ಒಂದೇ ಕುಲದ ತಿಗಣೆಗಳ ಬೆನ್ನು ಹತ್ತಿದ್ದ. ಅದರಲ್ಲಿ ಗೊತ್ತಿದ್ದ ಪ್ರಭೇದಗಳು ಹದಿನಾಲ್ಕು. ಎಡಹೆಗಲ ಮೇಲೆ ಕೆಂಪು ಚುಕ್ಕೆಯಿರುವ ಹದಿನೈದನೆಯದು ತನಗೆ ಸಿಕ್ಕಿತೆಂದು ಬೀಗುತ್ತಿದ್ದ.

ಅಕ್ಕ ಬೀದಿಗೆಲ್ಲ ಡಂಗುರ ಸಾರಿದಳು. ಎಲ್ಲರಿಗಿಂತ ಮೊದಲು ಹೇಳಿದ್ದು ಪಕ್ಕದ ಮನೆಯಾಕೆಗೆ. ತನ್ನ ಗುಲಾಬಿಯೇ ದೊಡ್ಡದೆಂದು ಆಕೆ ಮೆರೆದದ್ದು ಸಾಕಾಗಿತ್ತು.

ಹೊಸ ಪ್ರಭೇದದ ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸುವ ದಿನ ಅಕ್ಕ ಹೊಸ ಚಪ್ಪಲಿ ಮೆಟ್ಟಿ ಸಂಗ್ರಹಾಲಯಕ್ಕೆ ಹೋದಳು. ತಮ್ಮ ಐದು ತಿಗಣೆಗಳ ಪೆಟ್ಟಿಗೆ ತೆರೆದು, ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. "ಇವು ಸಿಕ್ಕಿದ್ದು ನಿಮ್ಮ ಪಕ್ಕದ ಮನೆ ಗುಲಾಬಿಯಲ್ಲೇ. ಆ ಚುಕ್ಕೆ ಹೊಳಪು ನೋಡು, ಅದರ ಮೇಲೇ ಎರಡು ಪುಟ ಬರ್ದಿದೀನಿ."

ಅಕ್ಕ ನೋಡಿದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ನಾಳೆ ಯಾರಾದರೂ ಆ ಚುಕ್ಕೆಯನ್ನು ಕೆರೆದು ನೋಡಿದರೆ, ತಾನು ಸಾಕಿ ಬೆಳೆಸಿದ ತಮ್ಮನ ಮಾನ?

"ಇದು ನನ್ನ ನೈಲ್ ಪಾಲಿಶ್ ಕಣೋ," ಎಂದು ಬೆರಳು ಚಾಚಿದಳು. ಅದೇ ಕೆಂಪು, ಅದೇ ಮಿನುಗು. "ಇವನ್ನ ನನ್ನ ಗುಲಾಬಿ ಗಿಡದಲ್ಲಿ ಹಿಡಿದು ಗೋಡೆ ಆಚೆ ಎಸೀತಿದ್ದೆ. ತಿರುಗಾ ಬರೋದು ಅವೇನಾ, ಬೇರೆವಾ ಅಂತ ತಿಳೀಬೇಕಿತ್ತು. ಅದಕ್ಕೇ ಚುಕ್ಕೆ ಇಟ್ಟೆ."

ತಮ್ಮ ತಲೆ ಮೇಲೆ ಕೈ ಹೊತ್ತು ಕುಳಿತ. ಅಕ್ಕನಿಗೆ ಅಳುವೇ ಬಂತು. ಅವನು ತಲೆಯೆತ್ತಿ ಕೇಳಿದ, "ಎಷ್ಟಕ್ಕೆ ಇಟ್ಟೆ?"

"ಹನ್ನೊಂದಕ್ಕೆ. ಮೂರೇ ದಿನದಲ್ಲಿ ಆರು ವಾಪಸ್ ಬಂದ್ವು. ಕ್ಯಾಲೆಂಡರಲ್ಲಿ ಗುರುತು ಹಾಕಿದೀನಿ. ಉಳಿದ ಐದು ಎಲ್ಲೋ ಹಾಳಾಗಿ ಹೋದ್ವು ಅಂದ್ಕೊಂಡಿದ್ದೆ."

ತಮ್ಮ ಥಟ್ಟನೆ ಎದ್ದು ನಿಂತ. "ಈ ತಿಗಣೆಗಳು ತಮ್ಮ ಗಿಡ ಹುಡುಕ್ಕೊಂಡು ಬರ್ತವೆ ಅಂತ ಇದುವರೆಗೆ ಯಾರೂ ಬರೆದಿಲ್ಲಕ್ಕ! ಆ ಕ್ಯಾಲೆಂಡರ್ ತಗೊಂಡ್ಬಾ!"

ಐದು ತಿಂಗಳಿಗೆ, ಈ ಹೊಸ ಸಂಗತಿಯ ಲೇಖನವಿದ್ದ ಪತ್ರಿಕೆ ಬಂತು. ಲೇಖಕರಲ್ಲಿ ಅಕ್ಕನ ಹೆಸರೇ ಮೊದಲು. ಅವಳು ಅದನ್ನು ನಾಲ್ಕು ಸಲ ಓದಿ ಎದೆಗೊತ್ತಿಕೊಂಡಳು. ಅದರ ಕೆಳಗೇ, ಎಷ್ಟು ಗೋಗರೆದರೂ ತಮ್ಮ ಅಳಿಸದ ಸಾಲು: ಕೀಟಗಳನ್ನು ಗೋಡೆಯಾಚೆಗೆ, ನೆರೆಮನೆಯ ಗುಲಾಬಿ ಗಿಡಗಳ ಮೇಲೆ ಬಿಡಲಾಯಿತು.

"ಹೆಸರು ಬಂತೇನ್ರೀ? ತೋರ್ಸಿ ನೋಡೋಣ," ಎಂದು ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು.

"ಇನ್ನೂ ಇಲ್ಲ ಕಣ್ರೀ," ಎಂದ ಅಕ್ಕ ಒಳಗೆ ಹೋಗಿ, ಪತ್ರಿಕೆಯನ್ನು ಹಾಸಿಗೆಯ ಕೆಳಗೆ ತುರುಕಿದಳು.