ಉತ್ತರ ಕೊಡುವವರ ಅರ್ಧ

ಮೇಣ ಎಡಕ್ಕೇ ಇಳಿಯುತ್ತಿದೆ, ಕಿಟಕಿಯ ಸಂದಿಯಿಂದ ಗಾಳಿ ನುಗ್ಗುತ್ತಿರಬೇಕು, ಮೇಜಿನ ಬಿಳಿ ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಕಾಗದ ಇಟ್ಟು ಇಸ್ತ್ರಿ ಎಳೆದ್ರೆ ಹೋಗುತ್ತೆ ಮಾಂಯ್ ಅನ್ನುತ್ತಾಳೆ ಜಸಿಂತ, ನನ್ನ ಮಗಳ ಪ್ರಕಾರ ಎಲ್ಲ ಕಲೆಯೂ ಹೋಗುತ್ತದೆ — ನಮೋ ಮರಿಯಾ, ಈಗ ನಡೆಸುವ ಸರದಿ ಅವಳದೇ, ಜಪಸರದ ನಾಲ್ಕನೇ ದಶಕ, ಹತ್ತು ಹತ್ತು ಮಣಿಯ ಐದು ಸುತ್ತಿನಲ್ಲಿ ನಾಲ್ಕನೆಯದು, ಮೂಡಿಗೆರೆಯ ಕೊನೇ ಬಸ್ಸು ಹಿಡಿಯುವವಳ ಹಾಗೆ ಓಡಿಸುತ್ತಿದ್ದಾಳೆ, ನಾವು ಉತ್ತರ ಕೊಡುತ್ತ ಹಿಂದೆ ಓಡಬೇಕು, ಪಕ್ಕದ ಮನೆಯ ಎಲಿಜ ಬಾಯಿಗೆ ಕಿವಿ ಮಂದ, ಎಲ್ಲರೂ ಮುಗಿಸಿದ ಮೇಲೆ ಅವರ ಆಮೆನ್ ಒಂದೇ ಬರುತ್ತದೆ, ಹಿಂದುಳಿದ ಕುರಿಯ ಹಾಗೆ. ಇವತ್ತು ಜನ ಕಡಿಮೆ. ವಾಳೆಯ, ಅಂದರೆ ನಮ್ಮ ಇಗರ್ಜಿಯ ಈ ಕೇರಿಯ, ಅರ್ಧ ಮನೆಗಳು ಬಾಳೂರಿನ ರೋಸಿಗೆ ಹೋಗಿವೆ, ಮದುವೆಯ ಹಿಂದಿನ ದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಹಾಡು, ಹಂದಿ ಸಾರು, ಯಾರು ಬಿಡುತ್ತಾರೆ, ನಾನೂ ಹೋಗುತ್ತಿದ್ದೆ, ಆದರೆ ಇದು ಅಕ್ಟೋಬರ್, ಮಾತೆಯ ಪ್ರತಿಮೆ ಮನೆಯಿಂದ ಮನೆಗೆ ನಡೆಯುವ ತಿಂಗಳು, ನಿನ್ನೆ ಪ್ರತಿಮೆ ಇದ್ದ ಮನೆಯವರು ಇವತ್ತಿನ ಮನೆಗೆ ಹೊತ್ತು ತರಬೇಕು, ಇವತ್ತಿನ ಮನೆ ನನ್ನದು, ನಿನ್ನೆಯ ಮನೆ ಅವನದು, ಲಿಗೋರಿ ರೈಟರನದು. ಸೋಮಶೇಖರಪ್ಪನವರ ಎಸ್ಟೇಟಿಗೆ ರೈಟರ್, ನಮ್ಮ ವಾಳೆಗೆ ಇಗರ್ಜಿ ನೇಮಿಸಿದ ಗುರ್ಕಾರ, ಅಲ್ಲಿ ಆಳುಗಳ ಲೆಕ್ಕ, ಇಲ್ಲಿ ಆತ್ಮಗಳ ಲೆಕ್ಕ. ಇಷ್ಟು ವರ್ಷ ಅವನ ಮನೆಯಿಂದ ಪ್ರತಿಮೆ ನೇರ ನನ್ನ ಮನೆಗೆ ಬಂದದ್ದೇ ಇಲ್ಲ, ನಡುವೆ ಪಾವ್ಲುವಿನ ಮನೆ ಇತ್ತು, ಪಾವ್ಲು ತಂದು ಇಡುತ್ತಿದ್ದ, ಅವತ್ತು ಗುರ್ಕಾರನಿಗೆ ಎಲ್ಲೋ ಒಂದು ಕೆಲಸ ಬೀಳುತ್ತಿತ್ತು, ಅವನೂ ಬರುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ, ಈ ಬೇಸಿಗೆಯಲ್ಲಿ ಪಾವ್ಲು ಸಂಸಾರ ಕಟ್ಟಿಕೊಂಡು ಘಟ್ಟ ಇಳಿದು ಹೋದ, ಮನೆಗೆ ಬೀಗ. ಹಾಗಾಗಿ ಇವತ್ತು ಮುಸ್ಸಂಜೆಗೆ ಅವನೇ ಬಂದ, ಪ್ರತಿಮೆಯನ್ನು ಎದೆಗೆ ಅವುಚಿಕೊಂಡು, ಹಿಂದೆ ಹಿಲ್ಡ ಬಾಯಿ ಕೊಡೆ ಹಿಡಿದು, ಕೊಡೆ ಮಾತೆಗೆ, ಗಂಡನಿಗಲ್ಲ — ಬರಬಹುದಾ ಸೆವ್ರಿನ್ ಅಂದ ಹೊಸಿಲಲ್ಲಿ ನಿಂತು. ಮಾತೆ ಬಂದ್ರೆ ಬೇಡ ಅನ್ಲಿಕ್ಕಾಗ್ತದಾ ರೈಟರೇ ಅಂದೆ. ಜೊತೆಗೆ ಬಂದೋರಿಗೆ? ಅಂದರು ಹಿಲ್ಡ ಬಾಯಿ ನಗುತ್ತ, ಅವರಿಗೆ ನಗದೆ ಗತಿಯಿಲ್ಲ. ಜೊತೆಗೆ ಬಂದೋರಿಗೂ ಕಾಫಿ ಉಂಟು ಅಂದಳು ಜಸಿಂತ ಒಳಗಿನಿಂದ, ನಾನು ಬಾಯಿ ತೆರೆಯುವ ಮೊದಲೇ. ಬೆಳಿಗ್ಗೆಯೇ ಹೇಳಿದ್ದಳು, ಮಾಂಯ್, ಇವತ್ತೊಂದಿನ ಮುಖ ನೆಟ್ಟಗಿಟ್ಕೋ, ಹಾಗಲಕಾಯಿ ಅಗಿದೋರ ಹಾಗೆ ಇರ್ಬೇಡ. ಮನೆಯಲ್ಲಿದ್ದ ಒಂದೇ ಒಂದು ಒಳ್ಳೆ ದಿಂಬನ್ನು ತಂದು ಅವನ ಮೊಣಕಾಲಡಿಗೆ ಕೊಟ್ಟಳು. ಅವಳ ಅಪ್ಪನ ದಿಂಬಲ್ಲ ಅದು, ಅದನ್ನು ನಾನು ಬೆಂಜಮಿನ್‌ನ ಶವಪೆಟ್ಟಿಗೆಯಲ್ಲೇ ಕಳಿಸಿದೆ, ಆದರೂ.

ಹಾಗಾಗಿ ಈಗ ರೈಟರನ ಬೆನ್ನು ನೋಡುತ್ತ ಮೊಣಕಾಲೂರಿದ್ದೇನೆ, ನಮಗಾಗಿ ಪ್ರಾರ್ಥಿಸಿರಿ ಆಮೆನ್, ಅಂಗಿಯ ಕಾಲರು ಸವೆದಿದೆ, ಕತ್ತು ಸಣ್ಣದಾಗಿದೆ, ಮುದುಕನಾಗಿದ್ದಾನೆ, ಆಗಲಿ, ಬೆಂಜಮಿನ್‌ಗೆ ಅದೂ ಸಿಗಲಿಲ್ಲ. ಜನ ನನ್ನನ್ನು ಹೊಗಳುತ್ತಾರೆ, ಸಾವಿನ ಮನೆಯಿರಲಿ ತಿಂಗಳ ಪೂಜೆಯಿರಲಿ, ಸೆವ್ರಿನ್ ಬಾಯಿ ಇದ್ರೆ ಜಪಸರ ನಡೆಸ್ಲಿಕ್ಕೆ ಬೇರೆಯೋರು ಬೇಡ, ಏನು ಭಕ್ತಿ ಮಾರಾಯ್ತಿ ಅವರದು. ಭಕ್ತಿಯಂತೆ. ನಡೆಸುವವರಿಗೆ ಮೊದಲರ್ಧ ಮಾತ್ರ. ಪ್ರತಿ ದಶಕದ ಮೊದಲಿಗೆ ಬರುವ, ಯೇಸು ಕಲಿಸಿದ ಪ್ರಾರ್ಥನೆಯನ್ನು ನಾವು ಅಜ್ಜಂದಿರ ಕಾಲದಿಂದ ಹಾಗೇ ಪಾಲು ಮಾಡಿಕೊಂಡಿದ್ದೇವೆ, ತಂದೆಯ ಹೆಸರು, ರಾಜ್ಯ, ಚಿತ್ತ ಇಷ್ಟನ್ನು ನಡೆಸುವವರು ಹೇಳಿ ನಿಲ್ಲಿಸಬೇಕು, ಉಳಿದದ್ದು ಉತ್ತರ ಕೊಡುವವರಿಗೆ, ಅನ್ನ ಕೇಳುವುದು ಅವರು, ಕ್ಷಮೆ ಕೇಳುವುದು ಅವರು, ನಮಗೆ ಕೆಟ್ಟದ್ದು ಮಾಡಿದವರನ್ನು ನಾವು ಬಿಟ್ಟಿದ್ದೇವೆ, ನೀನು ನಮ್ಮನ್ನು ಬಿಡು ಎಂದು ಹೇಳಿಕೊಳ್ಳುವ ಆ ಸಾಲು ಅವರದು. ಮುಂದೆ ಕೂತು ನಡೆಸುವವರು ಅದನ್ನು ಹೇಳಬೇಕಾಗಿಯೇ ಇಲ್ಲ. ಅದು ಹೊಳೆದ ದಿನದಿಂದ ನಾನು ಮುಂದೆ ಕೂತೆ. ಬೇರೆಯವರ ಸರದಿಗೆ ಒಂದು ಕೆಮ್ಮು ಸಾಕು, ಗುಂಪಿನಲ್ಲಿ ಒಂದು ಬಾಯಿ ಮುಚ್ಚಿದರೆ ಯಾರಿಗೆ ಗೊತ್ತಾಗುತ್ತದೆ. ಇವತ್ತು ಇರುವುದೇ ಐದು ಬಾಯಿ. ಮೊದಲ ದಶಕ ಮನೆಯವಳದು, ನಾನು ನಡೆಸಿದೆ, ಎಲಿಜ ಬಾಯಿ ನಡೆಸುವಾಗ ಬತ್ತಿ ಸರಿ ಮಾಡಿದೆ, ಹಿಲ್ಡ ಬಾಯಿ ನಡೆಸುವಾಗ ಕೆಮ್ಮಿದೆ, ಜಸಿಂತ ಶುರು ಮಾಡಿದಾಗ ಶೂ ಶೂ ಎಂದು ಬೆಕ್ಕನ್ನು ಓಡಿಸಿದೆ, ಅವಳು ಓರೆಗಣ್ಣಲ್ಲಿ ನೋಡಿದಳು, ಬೆಕ್ಕು ಇರಲಿಲ್ಲ. ಸುಳ್ಳು ಹೇಳಿಬಿಟ್ಟರೆ ಮುಗಿಯಿತು, ಊರೆಲ್ಲ ಅದನ್ನೇ ಹೇಳುತ್ತದೆ, ಬೇಲಿ ಒತ್ತಿದವನನ್ನು ಶಪಿಸುತ್ತಲೇ ಬಿಟ್ಟಿದ್ದೇವೆ ಅನ್ನುತ್ತದೆ, ಆದರೆ ಕೇಳುವವನು ಒಬ್ಬ ಇದ್ದಾನೆ ಎಂದು ನಾನು ಇನ್ನೂ ನಂಬುತ್ತೇನಲ್ಲ, ನನ್ನ ತೊಂದರೆ ಅದೇ, ಇಲ್ಲದವನಿಗೆ ಎಷ್ಟು ಸುಳ್ಳು ಬೇಕಾದರೂ ಹೇಳಬಹುದಿತ್ತು — ನಮೋ ಮರಿಯಾ, ಎಷ್ಟನೆಯದು ಇದು, ಮಣಿ ಜಾರಿತು. ಗಂಡ ಹೋದ ವರ್ಷದ ಮರಗಸಿಯ ಕಾಲ ಅದು, ನೆರಳಿನ ಮರಗಳ ರೆಂಬೆ ಕಡಿಯುವ ಕೆಲಸ, ಬೆಂಜಮಿನ್ ಹತ್ತಿದ ಮರದಲ್ಲಿ ಹೆಜ್ಜೇನು ಕಟ್ಟಿದ್ದನ್ನು ಕೆಳಗಿನವರು ಯಾರೂ ನೋಡಲಿಲ್ಲ, ಜಾರಿಕೊಂಡು ಇಳಿದ, ಕಂಬಳಿ ಹೊದ್ದು ಓಡಿದ, ಮನೆಗೆ ನಗುತ್ತಲೇ ಬಂದ, ನೋಡೇ ನನ್ನ ಮುಖ, ಧಣಿಗಳ ಥರ ತುಂಬ್ಕೊಂಡಿದೆ ಅಂದ. ಉಗುರಿನಿಂದ ಮುಳ್ಳು ಕಿತ್ತೆ, ಸುಣ್ಣ ಹಚ್ಚಿದೆ, ಕಾಫಿ ಕೊಟ್ಟರೆ ಕುಡಿದ, ಜಸಿಂತ ಅವನ ಕಿವಿ ಮುಟ್ಟಿ ಇಡ್ಲಿ ಇಡ್ಲಿ ಎಂದು ಕುಣಿದಳು. ದೀಪ ಹಚ್ಚುವ ಹೊತ್ತಿಗೆ ಉಸಿರು ಸೀಟಿ ಹೊಡೆಯತೊಡಗಿತು, ತುಟಿ ಬಣ್ಣ ತಿರುಗಿತು. ಎಸ್ಟೇಟಿನ ಜೀಪು ಷೆಡ್ಡಿನಲ್ಲೇ ಇತ್ತು, ಡ್ರೈವರ್ ಗುರುವಯ್ಯ ಷೆಡ್ಡಿನ ಮುಂದೆ ಬೀಡಿ ಸೇದುತ್ತಿದ್ದ, ಕೀ ತಗೊಂಡ್ ಓಡಿ ಬಾ ಬಾಯಿ, ನಾ ಅವನನ್ನ ಎತ್ಕೊಂಡ್ ಬರ್ತೀನಿ ಅಂದ. ಕೀ ಇರುವುದು ರೈಟರ್ ಮನೆಯಲ್ಲಿ, ಯೇಸುವಿನ ಪಟದ ಕೆಳಗೆ ಮೊಳೆಯಲ್ಲಿ, ಆ ಪಟದ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿದ್ದರು. ಆ ಮನೆಯ ಕಟ್ಟಳೆ ವಾಳೆಗೆಲ್ಲ ಗೊತ್ತು, ಶಿಲುಬೆಯ ಗುರುತು ಹಾಕಿದ ಮೇಲೆ ಯಾರೂ ತಲೆ ತಿರುಗಿಸಬಾರದು, ದನ ಹಗ್ಗ ಕಿತ್ತರೂ ಏಳಬಾರದು, ಹಾಲು ಉಕ್ಕಿದರೆ ಉಕ್ಕಲಿ. ರೈಟರೇ ಅಂದೆ. ಜೀಪು ಅಂದೆ. ಬೆಂಜಮಿನ್‌ಗೆ ಉಸಿರು ಹತ್ತುತ್ತಾ ಇಲ್ಲ ಅಂದೆ, ಅಂದಿದ್ದೇನೆ, ಬಾಗಿಲಿನಿಂದ ಆ ಗೋಡೆಗೆ ಕೇಳಿಸದಷ್ಟು ದೊಡ್ಡ ಮನೆಯಲ್ಲ ಅದು. ಅವನು ತಿರುಗಲಿಲ್ಲ. ಕೈಯನ್ನು ಹೆಗಲಿನಿಂದ ಮೇಲಕ್ಕೆ ಎತ್ತಿದ, ಅಂಗೈ ಹಿಂದಕ್ಕೆ, ನನ್ನ ಕಡೆಗೆ, ಬೆರಳ ಸಂದಿಯಿಂದ ಮಣಿಗಳು ಇಳಿಬಿದ್ದಿದ್ದವು, ತುದಿಯ ಶಿಲುಬೆ ಅಲುಗುತ್ತಿತ್ತು. ಇರು ಎಂದು. ಆಮೇಲೆ ಸಂತರ ಹೆಸರು ಒಂದೊಂದಾಗಿ, ಪ್ರತಿ ಸಂತನಿಗೂ ಉತ್ತರ, ಸ್ವರ್ಗದಲ್ಲಿ ಇಷ್ಟು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ, ಆಮೇಲೆ ಹಾಡು, ಆಮೇಲೆ ಮಕ್ಕಳು ಸಾಲಾಗಿ ಬಂದು ಬೆಸಾಂವ್ ಬೇಡಿದರು, ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿದ, ಚಿಕ್ಕದು ಎರಡು ಸಲ ಬಂತು, ಅದಕ್ಕೆ ಎರಡು ಸಲ ಹರಸಿದ, ಎದ್ದ, ಪಂಚೆ ಕೊಡವಿದ, ಈಗ ಹೇಳು ಸೆವ್ರಿನ್, ಏನಾಯ್ತು ಅಂದ. ಮೂಡಿಗೆರೆ ಇನ್ನೂ ಮುಂದಿತ್ತು, ಯಾವುದೋ ತಿರುವಿನಲ್ಲಿ ನನ್ನ ತೊಡೆಯ ಮೇಲೆ ಸೀಟಿ ನಿಂತಿತು, ಒಂದು ಇಂಜೆಕ್ಷನ್ ಸಾಕಿತ್ತಮ್ಮ, ಸ್ವಲ್ಪ ಮುಂಚೆ ತರಬಾರದಿತ್ತಾ ಅಂದರು ಡಾಕ್ಟರು. ಮಣ್ಣು ಮಾಡಿದ ಮೇಲೆ ರೈಟರ್ ಬಂದು, ಬೇಜಾರು ಮಾಡ್ಕೋಬೇಡ ಸೆವ್ರಿನ್, ಅವತ್ತಿನ ಜಪಸರಾನ ಬೆಂಜಮಿನ್‌ಗೇ ಒಪ್ಪಿಸಿದೆ ಅಂದ. ಒಪ್ಪಿಸಿದನಂತೆ. ಗುರುವಯ್ಯ ಹೇಳಿ ಧಣಿಗಳ ಕಿವಿಗೂ ಬಿತ್ತು, ಸೋಮಶೇಖರಪ್ಪನವರು ಕಣದ ಹತ್ತಿರ ನನ್ನನ್ನು ನಿಲ್ಲಿಸಿ, ಹೌದೇನಮ್ಮ, ನಾನಾಗಿದ್ರೆ ಮಂಗಳಾರತಿ ತಟ್ಟೆ ಕೆಳಗಿಟ್ಟು ಎದ್ದು ಬರ್ತಿದ್ದೆ, ನಿಮ್ಮ ದೇವರು ಅಷ್ಟು ಸಿಟ್ಟಿನೋನಾ ಅಂದರು, ನನಗೆ ಗಂಡ ಸತ್ತಾಗ ಆಗದ ಅವಮಾನ ಆಗ ಆಯಿತು, ದೇವರ ಪರವಾಗಿ.

ಸಿಟ್ಟಿನವನಾ, ಯಾರಿಗೆ ಗೊತ್ತು, ಹೊಸದಾಗಿ ಬಂದ ಫಾದರಿಗೆ ಗೊತ್ತಂತೆ, ತಿಂಗಳ ಮೊದಲ ಭಾನುವಾರ ಇಗರ್ಜಿಯಲ್ಲಿ ಅದನ್ನೇ ಬೋಧಿಸಿದರು, ದೇವರ ಹತ್ತಿರ ಹೇಗೆ ಹೋಗಬೇಕು — ಧಣಿಯ ಅಂಗಳಕ್ಕೆ ಹೋಗೋ ಹಾಗೆ ಕೈಕಟ್ಟಿ ಹೋಗ್ಬೇಡಿ, ಮಗು ಅಪ್ಪನ ಹತ್ರ ಹೋಗೋ ಹಾಗೆ ಹೋಗಿ, ಮೊದಲು ನಿಮ್ಮ ಮುನಿಸನ್ನ ಬಾಗಿಲ ಹೊರಗೆ ಬಿಡಿ, ಚಪ್ಪಲಿ ಬಿಡೋ ಹಾಗೆ. ಚಪ್ಪಲಿಯನ್ನು ಹೊರಗೆ ಬರುವಾಗ ಮತ್ತೆ ಮೆಟ್ಟಿಕೊಳ್ಳುತ್ತೇವಲ್ಲ ಫಾದರ್ ಎಂದು ಕೇಳಬೇಕೆನಿಸಿತ್ತು. ಆಮೇಲೆ ಪಾಪನಿವೇದನೆಯಲ್ಲಿ ಹೇಳಿಯೇ ಹೇಳಿದೆ, ಒಬ್ಬನನ್ನು ಬಿಡಲಿಕ್ಕೆ ಆಗುತ್ತಿಲ್ಲ ಎಂದು, ಜಾಲರಿಯ ಆಚೆಯಿಂದ ಎಳೆಯ ದನಿ, ಅವರನ್ನ ಬಿಡದೆ ನೀವು ಮಾಡೋ ಪ್ರಾರ್ಥನೆ ಹೆಂಚಿನ ಮಾಡಿಗೆ ತಾಗಿ ವಾಪಸ್ಸು ಬರ್ತದೆ ಬಾಯಿ. ಬರಲಿ. ಅವನದು ಎಲ್ಲಿಗೆ ಹೋಯಿತು, ಕತ್ತು ತಿರುಗಿಸದೆ, ಮಣಿ ತಪ್ಪಿಸದೆ ಮಾಡಿದ್ದು, ಹೊಸಿಲಲ್ಲಿ ನಿಂತವಳನ್ನು ದಾಟಿ ಎಲ್ಲಿಗೆ ಹೋಯಿತು. ಮಗು ಅಪ್ಪನ ಹತ್ತಿರ ಹೋಗುವುದನ್ನು ಈ ಫಾದರ್ ಎಲ್ಲಿ ನೋಡಿದ್ದಾರೆ, ಮಗು ಸಂತರ ಪಟ್ಟಿ ಮುಗಿಯಲಿ ಎಂದು ಕಾಯುವುದಿಲ್ಲ, ಸಿಂಬಳ ಸುರಿಸುತ್ತ ಬರುತ್ತದೆ, ಅಪ್ಪನ ಮೀಸೆ ಹಿಡಿದು ಎಳೆಯುತ್ತದೆ, ಕೊಡದಿದ್ದರೆ ಒದೆಯುತ್ತದೆ. ಹಾಗಾದರೆ ನಾನು ಮಾಡುವುದೇ ಸರಿ, ಕಾಫಿ ಕುಯ್ಯುವಾಗ ಒಂದು ಸಾಲಿಗೆ ನಾನೊಬ್ಬಳೇ ಇದ್ದರೆ ದೇವರನ್ನು ಬಯ್ಯುತ್ತೇನೆ, ಜೋರಾಗಿಯೇ ಬಯ್ಯುತ್ತೇನೆ, ನಿನಗೆ ಕಿವಿ ಇತ್ತಾ ಅವತ್ತು, ನಿನ್ನ ಪಟದ ಕೆಳಗೇ ಇತ್ತಲ್ಲ ಕೀ, ಉದುರಿಸಿದ್ದರೆ ಆಗುತ್ತಿತ್ತಲ್ಲ, ಪಕ್ಕದ ಸಾಲಿನ ದ್ಯಾವಮ್ಮ ಯಾರಿಗೇ ಅದು ಬಯ್ಗುಳ ಅನ್ನುತ್ತಾಳೆ, ನಮ್ಮೋರಿಗೇ ಅನ್ನುತ್ತೇನೆ, ಒಳ್ಳೇದಾಯ್ತು ಬಿಡು, ನಮ್ಮೋರಿಗಲ್ದೆ ಇನ್ಯಾರಿಗೆ ಬಯ್ತೀ ಅನ್ನುತ್ತಾಳೆ. ಪಿತನಿಗೂ ಸುತನಿಗೂ — ಮುಗಿಸಿದಳು ಜಸಿಂತ, ನಾಲ್ಕಾಯಿತು, ಐದನೆಯದು ಗುರ್ಕಾರನದು, ಕೆಮ್ಮಿಯಾಯಿತು, ಬತ್ತಿ ಸರಿ ಮಾಡಿಯಾಯಿತು, ಬೆಕ್ಕು ಬಂದು ಹೋಯಿತು. ಗಂಟಲು ಸರಿಮಾಡಿಕೊಂಡ, ಅವನ ದನಿ ಮಾತ್ರ ಮುಪ್ಪಾಗಿಲ್ಲ, ನಿಧಾನ, ಒಂದೊಂದು ಪದವನ್ನೂ ಇಳಿಸಿ ಇಡುವ ಹಾಗೆ, ಹೆಸರು, ರಾಜ್ಯ, ಚಿತ್ತ ಎಂದು ಹೇಳಿ ಉತ್ತರಕ್ಕೆ ನಿಲ್ಲಿಸಿದ. ಶುರು ಮಾಡಿದೆವು. ಅನ್ನ ಕೇಳಿದೆ, ಅನ್ನ ಬೇಕು, ಅದರಲ್ಲಿ ಸುಳ್ಳಿಲ್ಲ. ಆಮೇಲೆ ಬಾಯಿ ಮುಚ್ಚಿದೆ. ಕೆಮ್ಮಲಿಲ್ಲ. ಹಿಲ್ಡ ಬಾಯಿಯ ದನಿ ಒಂದು, ಜಸಿಂತಳದು ಒಂದು, ಅವಳದು ನನ್ನನ್ನು ಹುಡುಕುತ್ತ ಸಣ್ಣದಾಯಿತು, ಮತ್ತು ಅವನ ಕೈ ಮೇಲೆದ್ದಿತು. ಹೆಗಲಿನಿಂದ ಮೇಲಕ್ಕೆ, ಅಂಗೈ ಹಿಂದಕ್ಕೆ. ತಡೀರಿ ಅಂದ, ತಿರುಗದೆಯೇ, ಒಂದು ಸ್ವರ ಬರ್ಲಿಲ್ಲ. ಎಲಿಜ ಬಾಯಿ ಕೇಳಿಸದೆ ಒಬ್ಬರೇ ಕೊನೆಯವರೆಗೂ ಹೋಗಿ ಆಮೆನ್ ಹೇಳಿ, ಏನಾಯ್ತೇ, ಯಾಕೆ ನಿಲ್ಲಿಸಿದ್ರಿ ಅಂದರು. ಹೇಳು ಸೆವ್ರಿನ್ ಅಂದ, ನಿಧಾನ ಹೇಳು, ನೀನು ಹೇಳೋವರೆಗೆ ನಾ ಕಾಯ್ತೀನಿ. ಮಾಂಯ್ ಅಂದಳು ಜಸಿಂತ, ಪಿಸುದನಿಯಲ್ಲಿ, ಒಂದು ಸಾಲು ಮಾಂಯ್. ಕಾಯುತ್ತಾನಂತೆ. ದನ ಹಗ್ಗ ಕಿತ್ತರೂ ಏಳದವನು, ಕಾಯುತ್ತಾನಂತೆ, ಒಂದು ಸಾಲಿಗೆ, ನನ್ನ ಬಾಯಿಂದ ತನಗೆ ಬೇಕಾದ ಒಂದು ಸಾಲಿಗೆ, ಜಪಸರವನ್ನು ನಡುವೆ ನಿಲ್ಲಿಸಿಕೊಂಡು — ನಿಂತಿದೆ, ಹೌದು, ನಿಂತೇ ಇದೆ, ಮಾತೆ ಮುಖ ತಿರುಗಿಸಿಕೊಂಡಿಲ್ಲ, ಮಾಡು ಬಿದ್ದಿಲ್ಲ, ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಗೇರು ಬದಲಿಸಿ ಏರು ಹತ್ತುತ್ತಿದೆ, ಏನೂ ಆಗಿಲ್ಲ. ಹಾಗಾದರೆ ನಿಲ್ಲಿಸಬಹುದು. ನಡುವೆ ನಿಲ್ಲಿಸಬಹುದು ಇದನ್ನು, ಯಾವ ಸಂತನೂ ಕೇಳುವುದಿಲ್ಲ, ಕೈಯೊಂದನ್ನು ಎತ್ತಿದರೆ ಸಾಕು, ಇಷ್ಟೇ, ಇಷ್ಟೇ ಇತ್ತು, ಅದೇ ಕೈ, ಅದನ್ನೇ ಅವತ್ತು ನನ್ನ ಕಡೆಯಿಂದ ಆ ಪಟದ ಕಡೆಗೆ ತಿರುಗಿಸಿ ಜಪಸರವನ್ನು ತಡೆದಿದ್ದರೆ — ಹೇಳು ಸೆವ್ರಿನ್ — ನಿಲ್ಲಿಸಬಹುದಿತ್ತು, ಬೆರಳ ಸಂದಿಯಲ್ಲಿ ಮಣಿಗಳು, ಅಲುಗುತ್ತಿರುವ ಶಿಲುಬೆ, ಅಂಗೈ ನನ್ನ ಕಡೆಗೆ, ನಿಲ್ಲಿಸಬಹುದಿತ್ತು, ಅಂಗೈ, ಎತ್ತಿದ ಅಂಗೈ