ವೆಂಕೋಬರಾಯರ ಕುಲಾವಿ

ನಾನು ಹೊಲಿದ ಪ್ರತಿ ಕುಲಾವಿಯ ಒಳಗೂ, ಕಂದನ ಕತ್ತಿನ ಹಿಂದೆ ಬರುವ ಕಡೆ, ಕರಿದಾರದ ಒಂದು ಸೊಟ್ಟ ಹೊಲಿಗೆ ಇರುತ್ತಿತ್ತು. ಎಳೆಗೂಸಿನ ತಲೆಗೆ ಹಾಕುವುದು ಪೂರ್ತಿ ಅಚ್ಚುಕಟ್ಟಾಗಿರಬಾರದು, ದೃಷ್ಟಿ ತಗಲುತ್ತದೆ ಎಂದು ನನ್ನ ತಾಯಿ ಕಲಿಸಿಕೊಟ್ಟದ್ದು. ನಮ್ಮೂರಿನ ಅಜ್ಜಿಯರು ತೊಟ್ಟಿಲ ಶಾಸ್ತ್ರದ ದಿನ ಕುಲಾವಿಯನ್ನು ತಿರುವಿ, ಆ ಹೊಲಿಗೆಯನ್ನು ಬೆರಳಿನಿಂದ ತಡವಿ ನೋಡಿಯೇ ಮಗುವಿಗೆ ತೊಡಿಸುತ್ತಿದ್ದರು. ನನ್ನ ಅಂಗಡಿಗೆ ಬೋರ್ಡು ಇರಲಿಲ್ಲ. ಅಂಗಡಿಯೇ ಇರಲಿಲ್ಲ ಅನ್ನಿ. ಪಡಸಾಲೆಯ ಮೂಲೆಯಲ್ಲಿ ಕಾಲಿನಿಂದ ತುಳಿಯುವ ಒಂದು ಮಿಷನ್ನು, ಅಷ್ಟೆ.

ಅದನ್ನು ತುಳಿದೂ ತುಳಿದೂ ನನ್ನ ಮಂಡಿ ಹೋಗಿತ್ತು. ಮೋಟಾರಿನ ಮಿಷನ್ನು ಕೊಳ್ಳಬೇಕೆಂದು ಐದು ವರ್ಷ ಹಣ ಕೂಡಿಟ್ಟಿದ್ದೆ, ಅಟ್ಟದ ಮೇಲಿನ ಹಳೆಯ ಸಾರಿನಪುಡಿ ಡಬ್ಬಿಯಲ್ಲಿ. ಆ ವರ್ಷ ತಂಗಿಯ ಬಾಣಂತನಕ್ಕೆಂದು ಹೋದವಳು ಒಂದು ತಿಂಗಳು ಬಿಟ್ಟು ತಿರುಗಿ ಬಂದೆ. ಬಾಗಿಲ ಮೇಲೆ ಆಳುದ್ದದ ಬೋರ್ಡು. ಒಳಗೆ ಬಣ್ಣದ ಪೆಟ್ಟಿಗೆಗಳ ರಾಶಿ, ಜರಿಯಲ್ಲಿ ಅಕ್ಷರ ನೇಯ್ದ ಪಟ್ಟಿಗಳು ಒಂದು ಚೀಲದ ತುಂಬ. ಅಟ್ಟದಿಂದ ಡಬ್ಬಿ ಇಳಿಸಿ ನೋಡಿದರೆ ಅದರಲ್ಲಿ ಸಾರಿನಪುಡಿಯ ವಾಸನೆ ಮಾತ್ರ ಇತ್ತು.

ನಮ್ಮ ಯಜಮಾನರು ಖುಷಿಯಾಗಿಯೇ ವಿವರಿಸಿದರು. ಮಾರ್ತಾಂಡ ಎಂಬುವನೊಬ್ಬ ಸಿಕ್ಕಿದ್ದನಂತೆ. ಸಣ್ಣಪುಟ್ಟ ವ್ಯಾಪಾರಗಳಿಗೆ ಹೆಸರು, ಗುರುತು ಎಲ್ಲ ಮಾಡಿಕೊಡುವುದೇ ಅವನ ಕೆಲಸವಂತೆ. ಬ್ರಾಂಡ್ ಇಲ್ಲದ ಮಾಲು ಎಷ್ಟು ಚೆನ್ನಾಗಿದ್ದರೂ ಬೀದಿ ದಾಟುವುದಿಲ್ಲ ಎಂದು ಚೆನ್ನಾಗಿ ಇವರ ತಲೆ ಸವರಿದ್ದ. ಸೊಟ್ಟ ಹೊಲಿಗೆ ಕಂಡವರು ಕಸುಬು ಬಾರದವಳು ಅಂದುಕೊಳ್ಳುತ್ತಾರೆ, ಅದನ್ನು ತೆಗೆದು ಅದೇ ಜಾಗದಲ್ಲಿ ಪಟ್ಟಿ ಹಾಕಬೇಕು ಎಂದೂ ಹೇಳಿದ್ದನಂತೆ. ಮಗುವಿನ ತಲೆಯನ್ನು ಕೈಯಲ್ಲಿ ಹಿಡಿದೇ ನೋಡದವನು! ನಾನು ಒಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. 'ವೆಂಕೋಬರಾಯರ ಕುಲಾವಿ. ಮೂರು ತಲೆಮಾರಿನ ನಂಬಿಕೆ.'

ವೆಂಕೋಬರಾಯರು ನನ್ನ ಮಾವನವರು. ಸೊಸೆ ದುಡ್ಡಿಗೆ ಹೊಲಿಯುವುದು ಮನೆತನಕ್ಕೆ ಅವಮಾನವೆಂದು, ಯಾರಾದರೂ ಮನೆಗೆ ಬಂದರೆ ಮಿಷನ್ನಿನ ಮೇಲೆ ಕಂಬಳಿ ಹೊದಿಸುತ್ತಿದ್ದ ಮಹಾನುಭಾವರು. ಸಾಯುವವರೆಗೆ ಒಂದು ಗುಂಡಿ ಹೊಲಿದುಕೊಂಡವರಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಹೆಸರು ಯಾಕೆ ಹಾಕಿಸಲಿಲ್ಲ?" ಎಂದು ಕೇಳಿದೆ.

"ಹೆಂಗಸಿನ ಹೆಸರಿಗೆ ತೂಕ ಬರಲ್ವಂತೆ ಕಣೆ. ಅಪ್ಪನ ಹೆಸರೂ ಉಳಿಯುತ್ತಲ್ಲ," ಎಂದರು.

ಆ ಚೀಲವನ್ನು ಅವತ್ತೇ ಒಲೆಗೆ ಹಾಕಬೇಕಿತ್ತು. ಹೋದ ಹಣವಂತೂ ಹೋಯಿತು, ತಂದದ್ದಾದರೂ ದಂಡವಾಗದಿರಲಿ ಎಂಬ ಹಾಳು ಬುದ್ಧಿ ನನಗೆ ಎಲ್ಲಿಂದ ಬಂತೋ! ಆ ತಿಂಗಳು ಹನ್ನೊಂದು ಮನೆಗಳಿಗೆ ಕುಲಾವಿ ಕೊಡುವುದಿತ್ತು. ಕರಿದಾರವನ್ನು ಎತ್ತಿಟ್ಟು ಹನ್ನೊಂದಕ್ಕೂ ಪಟ್ಟಿ ಹೊಲಿದೆ. ಪಟ್ಟಿಯ ಅಂಚು ಬೆರಳಿಗೆ ಒರಟಾಗಿಯೇ ತಗಲುತ್ತಿತ್ತು. ತಗಲಿದರೂ ಹೊಲಿದೆ. ಯಜಮಾನರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ನನಗೆ ಇವತ್ತಿಗೂ ಹೆಚ್ಚು.

ವಾರ ಕಳೆದಿರಲಿಲ್ಲ, ಮೇಲಿನ ಬೀದಿಯ ಸಾವಂತ್ರಮ್ಮ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅವಸರದಲ್ಲಿ ತಿರುವಿ ನೋಡದೆಯೇ ತೊಡಿಸಿದ್ದರಂತೆ, ಶಾಸ್ತ್ರದ ಉದ್ದಕ್ಕೂ ಮಗು ಒಂದೇ ಸಮನೆ ಅತ್ತಿತ್ತಂತೆ. ಹೊಟ್ಟೆನೋವೆಂದು ಓಮದ ನೀರು ಕುಡಿಸಿದ್ದರು, ಇರುವೆಯಿರಬೇಕೆಂದು ಬಟ್ಟೆ ಕೊಡವಿದ್ದರು. ಕೊನೆಗೆ ಕುಲಾವಿ ಬಿಚ್ಚಿದರೆ ಜರಿಯ ಅಂಚು ಉಜ್ಜಿ ಉಜ್ಜಿ ಕತ್ತಿನ ಚರ್ಮವೇ ಕಿತ್ತುಬಂದಿತ್ತು. ಮಗುವನ್ನು ತಿರುಗಿಸಿ ಆ ಗಾಯವನ್ನು ನನಗೆ ತೋರಿಸಿದರು. ನೋಡಲಾಗಲಿಲ್ಲ.

"ಹಿಂದಿನ ಮೂರು ಮೊಮ್ಮಕ್ಕಳಿಗೂ ನಿನ್ನ ಕೈಯಿಂದಲೇ ಹೊಲಿಸಿದ್ದು," ಎಂದರು ಸಾವಂತ್ರಮ್ಮ. "ನಿನ್ನ ಹೊಲಿಗೆ ಎಲ್ಲಮ್ಮ ಇದರಲ್ಲಿ? ಇನ್ಮೇಲೆ ಯಾವ ಧೈರ್ಯದ ಮೇಲೆ ಮಕ್ಕಳಿಗೆ ಹಾಕೋದು?"

ನಾನು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಯಜಮಾನರ ದನಿ ಬಂತು. "ಎರಡು ಸಲ ಒಗೆದರೆ ಮೆತ್ತಗಾಗುತ್ತೆ ಬಿಡಿ."

ಸಾವಂತ್ರಮ್ಮ ಕುಲಾವಿಯನ್ನು ಮಿಷನ್ನಿನ ಮೇಲಿಟ್ಟು ಹೊರಟುಹೋದರು. ನಾನು ಕತ್ತರಿ ಸೆರಗಿಗೆ ಸಿಕ್ಕಿಸಿಕೊಂಡು ಉಳಿದ ಹತ್ತೂ ಮನೆಗಳ ಮೆಟ್ಟಿಲು ಹತ್ತಿದೆ. ಏಳು ಮನೆಗಳಲ್ಲಿ ಕುಲಾವಿ ತಂದುಕೊಟ್ಟರು. ಅಲ್ಲೇ ಕೂತು ಪಟ್ಟಿ ಬಿಚ್ಚಿ, ಕರಿದಾರದ ಹೊಲಿಗೆ ಹಾಕಿಕೊಟ್ಟೆ. ಮೂರು ಮನೆಯವರು ಹೊಸ್ತಿಲಲ್ಲೇ ನಿಲ್ಲಿಸಿ, ಬೇರೆ ಕಡೆ ಹೊಲಿಸಿಕೊಂಡೆವು ಎಂದರು. ಒಬ್ಬಾಕೆ ನನ್ನನ್ನು 'ವೆಂಕೋಬರಾಯರ ಸೊಸೆ' ಎಂದು ಕರೆದಳು. ಇಪ್ಪತ್ತು ವರ್ಷ ಹೊಲಿದವಳಿಗೆ ಊರಲ್ಲಿ ಅದುವರೆಗೆ ಯಾರೂ ಹಾಗೆ ಅಂದಿರಲಿಲ್ಲ.

ಮರುದಿನ ಯಜಮಾನರು ಹೊಳೆಗೆ ಸ್ನಾನಕ್ಕೆ ಹೋದಾಗ ಅವರ ಅಂಗಿಗಳನ್ನೆಲ್ಲ ಕೆಳಗಿಳಿಸಿದೆ. ಒಂದೊಂದರ ಕಾಲರಿನ ಒಳಗೂ ಒಂದೊಂದು ಪಟ್ಟಿ, ಒತ್ತೊತ್ತಾಗಿ, ಎರಡೆರಡು ಸುತ್ತು ಹೊಲಿದೆ. ಅವರು ಯಾವುದೋ ಮದುವೆಗೆ ಹೋಗಿ ಮಧ್ಯಾಹ್ನ ಬಂದವರು ಬಾಗಿಲಲ್ಲೇ ನಿಂತು ಕತ್ತು ಕೆರೆದುಕೊಂಡರು.

"ಏನೇ ಇದು, ಊಟ ಮಾಡೋಕೂ ಬಿಡದ ಹಾಗೆ ಚುಚ್ತಿದೆ?"

"ನಿಮ್ಮಪ್ಪನ ಹೆಸರು," ಎಂದೆ. "ಎರಡು ಸಲ ಒಗೆದರೆ ಮೆತ್ತಗಾಗುತ್ತೆ ಬಿಡಿ."

ಅವರು ಅಂಗಿ ಬಿಚ್ಚಿ ಕಾಲರನ್ನು ತಿರುವಿ ನೋಡಿದರು. ಸಂಜೆ ಏಣಿ ತಂದು ಬೋರ್ಡನ್ನು ತಾವೇ ಇಳಿಸಿದರು. ಮೋಟಾರಿನ ಮಿಷನ್ನು ಮಾತ್ರ ನನ್ನ ಮನೆಗೆ ಬರಲೇ ಇಲ್ಲ.

ಸಾವಂತ್ರಮ್ಮ ಬಿಟ್ಟುಹೋದ ಕುಲಾವಿಯ ಪಟ್ಟಿಯನ್ನೂ ಬಿಚ್ಚಿ, ಹೊಲಿಗೆ ಹಾಕಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೆ. ಬಂದು ಕೇಳುತ್ತಾರೆ ಅಂದುಕೊಂಡಿದ್ದೆ. ಆ ಮಗು ಬೆಳೆದು, ಮದುವೆಯಾಗಿ, ಅದರ ಮಕ್ಕಳಿಗೂ ತೊಟ್ಟಿಲು ಕಟ್ಟಿದರು. ಆ ಮನೆಯಿಂದ ಯಾರೂ ಬರಲಿಲ್ಲ. ಕುಲಾವಿ ಈಗಲೂ ಅದೇ ಮೊಳೆಯಲ್ಲಿದೆ. ಬಟ್ಟೆ ಹಳದಿಗಟ್ಟಿದೆ. ತಿರುವಿ ನೋಡಿದರೆ ಒಳಗಿನ ಕರಿದಾರ ಇನ್ನೂ ಹಾಗೇ ಇದೆ.