ತಣ್ಣೀರಿನ ನಲ್ಲಿ

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವ ಕೆಲಸ ಅವಳದು. ಹೋಟೆಲಿನ ಮೇಜುಬಟ್ಟೆ, ನರ್ಸಿಂಗ್ ಹೋಮಿನ ಹೊದಿಕೆ, ಯಾರದೋ ಮದುವೆಯ ದಿರಿಸು, ಯಾವುದೇ ಆಗಲಿ, ಯಂತ್ರಕ್ಕೆ ಹೋಗುವ ಮೊದಲು ಅವಳ ಕಲ್ಲಿನ ಮೇಜಿನ ಮೇಲೆ ಬೀಳಬೇಕು. ಎಣ್ಣೆಗೆ ಒಂದು ಮದ್ದು, ಶಾಯಿಗೆ ಇನ್ನೊಂದು. ರಕ್ತಕ್ಕೆ ತಣ್ಣೀರು, ಅದೂ ಕೂಡಲೇ. ಎಲ್ಲರ ಬಾಯಲ್ಲೂ ಅವಳು ಕಲೆಯಕ್ಕ.

ಮುಟ್ಟು ನಿಂತು ವರ್ಷ ದಾಟಿದಾಗ ಪೀಡೆ ತೊಲಗಿತು ಅಂದುಕೊಂಡಿದ್ದಳು. ಆಮೇಲೊಂದು ದಿನ ಒಳಬಟ್ಟೆಯಲ್ಲಿ ಮತ್ತೆ ಕೆಂಪು ಕಂಡಾಗ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ನಲ್ಲಿ ತಿರುಗಿಸಿದಳು, ಉಜ್ಜಿದಳು, ಹಿಂಡಿದಳು. ಕಲೆ ಹೋಯಿತು. ಕಲೆ ಹೋದ ಮೇಲೆ ಅವಳ ಪಾಲಿಗೆ ವಿಷಯವೂ ಮುಗಿಯಿತು.

ಅದು ಮತ್ತೆ ಮತ್ತೆ ಬಂತು. ಇಸ್ತ್ರಿ ಮಾಡುವ ಗೆಳತಿಯ ಕಿವಿಗೆ ಹಾಕಿದಳು.

"ನಮ್ಮ ವಯಸ್ಸಲ್ಲಿ ಹಾಗೇ ಬಿಡೇ," ಅಂದಳು ಇಸ್ತ್ರಿಯವಳು. "ಹೊರಟೆ ಹೊರಟೆ ಅಂದ ನೆಂಟರು ಬಾಗಿಲ ಹತ್ರ ನಿಂತು ಇನ್ನೊಂದು ಗಂಟೆ ಮಾತಾಡಲ್ವಾ? ಇದೂ ಅಷ್ಟೇ."

ಇಬ್ಬರೂ ನಕ್ಕರು. ಕಲೆಯಕ್ಕ ತೊಳೆಯುತ್ತಲೇ ಹೋದಳು. ಒದ್ದೆ ಹೊದಿಕೆ ಎತ್ತಿದರೆ ಕಣ್ಣು ಕತ್ತಲೆ ಬರತೊಡಗಿತು. ಒಂದು ಮಧ್ಯಾಹ್ನ ಅವಳು ಎದ್ದಾಗ ಸ್ಟೂಲಿನ ಮೇಲೆ ಉಳಿದ ರಕ್ತ ನೋಡಿ ಇಸ್ತ್ರಿಯವಳ ನಗು ಅಲ್ಲೇ ಇಂಗಿತು.

"ನಾನು ತಮಾಷೆಗೆ ಅಂದಿದ್ದು ಕಣೇ! ನಡಿ ಡಾಕ್ಟರ ಹತ್ರ."

ಡಾಕ್ಟರಮ್ಮ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ದಿನದಿಂದ? ಎಷ್ಟು ಹೋಗುತ್ತಿದೆ?

"ಗೊತ್ತಿಲ್ಲ. ಕಂಡ ತಕ್ಷಣ ತೊಳೆದುಬಿಡ್ತೀನಿ."

"ಮುಟ್ಟು ನಿಂತ ಮೇಲೆ ಒಂದು ಹನಿ ಕಂಡ್ರೂ ಬರಬೇಕಿತ್ತಮ್ಮ. ಒಳಗೆ ಏನೋ ಆಗ್ತಿದೆ ಅಂತ ಹೇಳೋಕೆ ಅದಕ್ಕೆ ಬೇರೆ ಬಾಯಿಲ್ಲ."

ಸ್ಕ್ಯಾನ್ ಆಯಿತು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಗರ್ಭಕೋಶದ ಒಳಪದರದ ಕ್ಯಾನ್ಸರ್. ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು, ಆಮೇಲೆ ರೇಡಿಯೇಷನ್ ಕೊಟ್ಟರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಬೆರಳೆತ್ತಿ ಹೇಳಿದಳು: "ಗಡ್ಡೆ ಗರ್ಭಕೋಶದ ಗೋಡೆ ದಾಟಿರಲಿಲ್ಲ, ಬಚಾವಾದ್ರಿ. ಮತ್ತೆ ರಕ್ತ ಕಂಡ್ರೆ ಅದೇ ದಿನ ಬನ್ನಿ. ಈ ಸಲವೂ ತೊಳೆದು ಕೂತ್ರೆ ನನ್ನ ಕೈಲಿ ಏನೂ ಇರಲ್ಲ."

ಮನೆಯಲ್ಲಿ ಇದ್ದವನು ಗಂಡನೊಬ್ಬನೇ, ಲಿಫ್ಟು ರಿಪೇರಿಯವನು. ಅಡುಗೆ ಅವನ ಪಾಲಿಗೆ ಬಂತು. ಒಂದು ದಿನ ಹಸಿ, ಒಂದು ದಿನ ಸೀದದ್ದು.

"ಒಂದು ಪಾರ್ಟ್ ಕಳಚಿದ್ರೆ ಲೋಡು ಕಮ್ಮಿ, ಸಲೀಸಾಗಿ ಓಡುತ್ತೆ," ಅಂದ.

"ನಿನ್ನ ನಾಲಿಗೆ ಕಳಚಿದ್ರೆ ಇನ್ನೂ ಸಲೀಸು."

ಅವಳಿಗೆ ಆಗುತ್ತಿದ್ದುದಕ್ಕೆ ಸುಸ್ತು ಎನ್ನುವ ಮಾತು ಸಾಲದು. ಹಲ್ಲುಜ್ಜಿ ಬಂದು ಕೂತರೆ ಬಟ್ಟೆಯ ಮೂಟೆ ಹೊತ್ತು ಮಹಡಿ ಹತ್ತಿದ ಹಾಗೆ. ಕೂತಲ್ಲೇ ಮೈಯೆಲ್ಲ ಧಗ್ಗೆಂದು ಕುದಿಯುತ್ತಿತ್ತು, ಬೆವರು ಇಳಿಯುತ್ತಿತ್ತು, ಆಮೇಲೆ ಚಳಿ. ನೋಡಲು ಬಂದವರು ಪುಣ್ಯವಂತೆ ಅನ್ನುತ್ತಿದ್ದರು. ಹೂಂ ಅನ್ನಲೂ ಅವಳಿಗೆ ಬೇಜಾರು. ಮೇಜಿಗೆ ಬೇರೆಯವಳನ್ನು ಹಾಕಿದ್ದ ಲಾಂಡ್ರಿ ಮಾಲೀಕ ಫೋನು ಮಾಡಿದ: "ಸೋಮವಾರ ಬಂದ್ರೆ ಮೇಜು ನಿಂದು. ಇಲ್ಲಾಂದ್ರೆ ಅವಳದೇ ಆಗುತ್ತೆ, ಬೇಜಾರು ಮಾಡ್ಕೋಬೇಡ."

ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ನೋಡಿದರೆ ಒಳಬಟ್ಟೆಯ ಮೇಲೆ ಕಾಳಿನಷ್ಟು ಕೆಂಪು.

ಕೈ ತನ್ನಷ್ಟಕ್ಕೆ ನಲ್ಲಿ ತಿರುಗಿಸಿತು. ನೀರು ಬಕೆಟ್ಟಿಗೆ ಸುರಿಯುತ್ತಿತ್ತು. ಒಂದು ಸಲ ಅದ್ದಿದರೆ ಸಾಕು. ಕೆಲಸಕ್ಕೆ ಹೋಗಬಹುದು, ತನ್ನ ಮೇಜಿನ ಮುಂದೆ ನಿಲ್ಲಬಹುದು. ಮತ್ತೆ ಆ ಸೂಜಿ, ಆ ಮಂಚ, ಕಾಲಗಲಿಸಿ ಸೂರು ನೋಡುತ್ತ ಮಲಗುವುದು ಯಾವುದೂ ಬೇಡ. ಹೆದರಿಕೆಗಿಂತ ಹೆಚ್ಚಾಗಿ ಅವಳಿಗೆ ಸಾಕಾಗಿತ್ತು. ಬಟ್ಟೆ ಹಿಡಿದ ಕೈ ನೀರಿನ ಹತ್ತಿರಕ್ಕೆ ಹೋಗಿ ನಿಂತಿತು.

ನಲ್ಲಿ ನಿಲ್ಲಿಸಿದಳು.

"ಇಲ್ಲಿ ಬಾ."

ಗಂಡ ಸೌಟು ಹಿಡಿದೇ ಬಂದ. ಮದುವೆಯಾದಾಗಿನಿಂದ ಇಂಥದ್ದನ್ನು ಅವಳು ಅವನ ಕಣ್ಣಿಗೆ ಬೀಳಿಸಿದವಳಲ್ಲ. ಬಟ್ಟೆ ಮುಂದೆ ಚಾಚಿದಳು. ಅವನು ನೋಡಿದ, ಬಾಗಿಲ ಕಡೆ ತಿರುಗಿದ, ಮತ್ತೆ ನೋಡಿದ.

"ಚಪ್ಪಲಿ ಹಾಕ್ಕೋ," ಅಂದ. "ಒಲೆ ಆರಿಸಿ ಬರ್ತೀನಿ."

"ಮೇಜು ಹೋಗುತ್ತೆ."

"ಹೋಗ್ಲಿ."

ಡಾಕ್ಟರಮ್ಮ ದೀಪ ಹಾಕಿ ತುಂಬ ಹೊತ್ತು ನೋಡಿದಳು. ಆಮೇಲೆ ಕೈಗವಸು ಕಳಚಿದಳು. "ರೇಡಿಯೇಷನ್‌ನಿಂದ ಒಳಗಿನ ಚರ್ಮ ತೆಳ್ಳಗಾಗಿದೆ. ಅಲ್ಲಿ ಕೆರೆದ ಹಾಗಾಗಿ ಬಂದಿದ್ದು. ಗಡ್ಡೆ ಏನೂ ಕಾಣ್ತಿಲ್ಲ. ಆದ್ರೂ ಮುಂದೆ ಕಂಡ್ರೆ ಹೀಗೇ ಬನ್ನಿ. ಪ್ರತಿ ಸಲ."

"ಪ್ರತಿ ಸಲ," ಅಂದಳು ಕಲೆಯಕ್ಕ. ಆ ಎರಡು ಪದ ಆಡಿ ಮುಗಿಸುವುದರಲ್ಲಿ ಅವಳಿಗೆ ಆಯಾಸವಾಯಿತು.

ಮನೆಗೆ ಬರುವ ಹೊತ್ತಿಗೆ ಇಸ್ತ್ರಿಯವಳ ಫೋನು ಬಂತು. ಮೇಜು ಹೋಗಿತ್ತು. ಮಡಚುವ ಕಡೆ ಜಾಗ ಕೇಳಿಟ್ಟಿದ್ದೀನಿ, ಅಲ್ಲಾದರೆ ಕೂತು ಮಾಡಬಹುದು, ಅಂದಳು.

"ಕೂತು ಮಾಡೋದಾದ್ರೆ ಬರ್ತೀನಿ. ನಾಳೆ ಅಲ್ಲ, ನಾಡಿದ್ದು," ಅಂದಳು ಕಲೆಯಕ್ಕ. ಚಪ್ಪಲಿಯನ್ನೂ ಬಿಡದೆ ಹಾಸಿಗೆಗೆ ಒರಗಿದಳು.

ಬಚ್ಚಲಿಂದ ಗಂಡನ ದನಿ: "ಇದನ್ನ ಏನು ಮಾಡ್ಲಿ?"

"ನೀನೇ ತೊಳಿ. ತಣ್ಣೀರಲ್ಲಿ. ಬಿಸಿನೀರು ಹಾಕಿದ್ರೆ ಕಲೆ ಕೂತ್ಬಿಡುತ್ತೆ."

ನಲ್ಲಿ ತಿರುಗಿದ ಸದ್ದು ಕೇಳಿತು. ಅವನು ಸರಿಯಾಗಿ ಉಜ್ಜುತ್ತಿಲ್ಲ ಎಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಎದ್ದು ಹೋಗಲಿಲ್ಲ. ನಿದ್ದೆ ಬಂತು.